ಬಿಳಿ ಕುದುರೆ ನಿಂತದ್ದು

ಸವಾರಿ ಮೈದಾನದ ನಟ್ಟನಡುವೆ ಬಿಳಿ ಹೆಣ್ಣು ಕುದುರೆ ಗಕ್ಕನೆ ನಿಂತುಬಿಟ್ಟಿತು. ಬೆನ್ನ ಮೇಲೆ ಪುಟ್ಟ ಹುಡುಗಿ ಕೂತಿದ್ದಳು. ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ ಸವಾರಿ ಟೀಚರ್, "ನಡಿಯೇ ಮೊಂಡಿ, ಇವತ್ತೇನು ನಿನ್ನ ಹಟ?" ಎಂದು ಜಗ್ಗಿದಳು. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ಹುಡುಗಿಯ ಮೊಣಕಾಲಿಗೆ ಮೂತಿ ಒತ್ತಿಕೊಂಡಿತು.

ಆಗ ಟೀಚರ್ ತಿರುಗಿ ನೋಡಿದಳು. ಹುಡುಗಿಯ ಕಣ್ಣಾಲಿ ಮೇಲೆ ಹೋಗಿತ್ತು, ಕೈ ಸೆಟೆದಿತ್ತು. ಆಕೆ ತೋಳು ಚಾಚುವುದಕ್ಕೂ ಮಗು ಜಾರುವುದಕ್ಕೂ ಸರಿಹೋಯಿತು. ಅಲ್ಲೇ ಮಣ್ಣಿನ ಮೇಲೆ ಮಲಗಿಸಿದಳು. ಫಿಟ್ಸ್ ಇಳಿಯುವವರೆಗೂ ಕುದುರೆ ಒಂದು ಗೊರಸನ್ನೂ ಕದಲಿಸಲಿಲ್ಲ.

ಮಗು ಕಣ್ಣು ಬಿಟ್ಟ ಮೇಲೆ, ಬೇಲಿಯ ಆಚೆಯಿಂದ ಓಡಿಬಂದಿದ್ದ ತಾಯಿ ಕೇಳಿದಳು: "ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಗೊತ್ತಾದದ್ದು ನನಗಲ್ಲಮ್ಮ, ಇವಳಿಗೆ. ನಾನು ಬೈತಾ ಇದ್ದೆ. ಇನ್ಮೇಲೆ ಇವಳು ನಿಂತರೆ ನಾನೂ ನಿಂತು, ಮೊದಲು ಮಗುವಿನ ಮುಖ ನೋಡ್ತೀನಿ."