ಎತ್ತದ ಕೈ

ಚೆಂಡು ಬಲೆಯ ಮೇಲಂಚಿಗೆ ತಗುಲಿ, ಅಲ್ಲೇ ಒಂದು ಕ್ಷಣ ಯೋಚಿಸಿ, ಬೆರಿಲ್ ನಿಂತಿದ್ದ ಕಡೆಗೆ ಮೆತ್ತಗೆ ಉದುರಿತು. ಡೆವನ್‌ನ ಆ ಪುಟ್ಟ ಕ್ಲಬ್ಬಿನಲ್ಲಿ ಎಪ್ಪತ್ತು ದಾಟಿದ ಹೆಂಗಸರ ಟೆನಿಸ್ ಪಂದ್ಯ ಅಲ್ಲಿಗೆ ಮುಗಿಯಿತು. ಗೆದ್ದವಳು ಗ್ವೆನ್. ಎಲ್ಲರ ಕಣ್ಣೂ ಅವಳ ಬಲಗೈ ಮೇಲೆ.

ಹೀಗೆ ಅದೃಷ್ಟದಿಂದ ಪಾಯಿಂಟ್ ಬಂದರೆ ಕೈ ಎತ್ತಿ ‘ಸಾರಿ’ ಅನ್ನಬೇಕು, ಅದು ಟೆನಿಸ್‌ನ ಮರ್ಯಾದೆ. ಒಳಗೊಳಗೆ ಎಷ್ಟೇ ಹಿಗ್ಗಿದರೂ ಅನ್ನಬೇಕು. ನಲವತ್ತೈದು ವರ್ಷದ ಹಿಂದೆ, ಗ್ವೆನ್ ತನ್ನ ವೃತ್ತಿಜೀವನದಲ್ಲಿ ತಲುಪಿದ ಒಂದೇ ಒಂದು ಸೆಮಿಫೈನಲ್‌ನಲ್ಲಿ, ಇಂಥದೇ ಚೆಂಡಿನಿಂದ ಗೆದ್ದ ಬೆರಿಲ್ ಕೈ ಎತ್ತಿರಲಿಲ್ಲ. ಸೋತದ್ದನ್ನು ಗ್ವೆನ್ ಎಂದೋ ಮರೆತಳು. ಆ ಎತ್ತದ ಕೈಯನ್ನು ಮಾತ್ರ ಕ್ಲಬ್ಬಿನ ಪ್ರತಿ ಚಹಾಕೂಟದಲ್ಲೂ ಕೇಕಿನ ಜೊತೆ ಬಡಿಸುತ್ತಿದ್ದಳು.

ಈಗ ಅವಳ ಕೈ ಮೇಲೇರಿತು. ಟೋಪಿಯವರೆಗೆ ಹೋಗಿ, ಅದನ್ನು ಸರಿಮಾಡಿ, ಕೆಳಗಿಳಿಯಿತು.

ಬೆರಿಲ್ ಬಲೆಯ ಹತ್ತಿರ ಬಂದಳು. “ಅವತ್ತು ಖುಷೀಲಿ ನಂಗೆ ಮರ್ತೇಹೋಗಿತ್ತು ಅಂತ ಎಷ್ಟು ಸಲ ಹೇಳಿದೀನಿ. ನೀನು ನಂಬಲೇ ಇಲ್ಲ.”

“ಈಗಂತೂ ನಂಬೋದೇ ಇಲ್ಲ ಕಣೇ,” ಎಂದಳು ಗ್ವೆನ್, ಅವಳ ಕೈ ಕುಲುಕುತ್ತಾ. “ಚೆನ್ನಾಗಿ ನೆನಪಿರುತ್ತೆ. ಎತ್ತೋಕೆ ಮನಸ್ಸು ಬರಲ್ಲ, ಅಷ್ಟೇ.”