ಹರಕೆ ಯಾರದು?

ಹೆರಿಗೆಯಾದ ಮೇಲೆ ಸೊಸೆಯ ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಬ್ಬಿಣದಂಶ ತೀರಾ ಕಡಿಮೆಯಿದೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. ವರ್ಷ ಕಳೆಯುವುದರೊಳಗೆ ಜಡೆ ಮತ್ತೆ ಮೊದಲಿನಷ್ಟೇ ದಪ್ಪವಾಯಿತು. ಆಗ ಅತ್ತೆ ಬಾಯಿಬಿಟ್ಟರು: ಕೂದಲು ಉದುರುವುದು ನಿಂತರೆ ಮುಡಿ ಕೊಡಿಸುವುದಾಗಿ ದೇವರಿಗೆ ಹರಕೆ ಹೊತ್ತಿದ್ದರಂತೆ.

"ಬೋಳಿಸ್ಕೊಳ್ಳೋಕಾ ನಾನು ಅಷ್ಟು ಮಾತ್ರೆ ನುಂಗಿದ್ದು?" ಎಂದಳು ಸೊಸೆ.

"ಮಾತ್ರೆಯಿಂದ ಬಂತು ಅಂದ್ಕೊಂಡ್ಯಾ? ನನ್ನ ಹರಕೆಯಿಂದ ಬಂದಿದ್ದು ಅದು. ಸುಮ್ನೆ ಹೊರಡು."

ಸೊಸೆ ಚಪ್ಪಲಿ ಮೆಟ್ಟಿ ಹೊರಟಳು.

ದೇವಸ್ಥಾನದ ಹಿಂದೆ, ಮುಡಿ ಕೊಡುವ ಕಟ್ಟೆಯ ಮೇಲೆ ಕೂತಿದ್ದ ಕ್ಷೌರಿಕ ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ, ತಂಬಿಗೆ ನೀರನ್ನು ಇಬ್ಬರ ಮುಂದಿಟ್ಟ.

"ಕೂದಲು ಚೆನ್ನಾಗಿ ನೆನೆಸ್ಕೊಳ್ಳಿ. ಹರಕೆ ಯಾರದಮ್ಮಾ?"

"ನಂದೇ ಕಣಪ್ಪಾ!" ಅತ್ತೆ ಬೀಗಿದರು. "ಇವಳದೇನಿದೆ ಇದ್ರಲ್ಲಿ? ಮೂರು ಶನಿವಾರ ಉಪವಾಸ ಇದ್ದು ಹೊತ್ತಿದ್ದು ನಾನು."

"ಕೇಳಿಸ್ಕೊಂಡ್ರಲ್ಲಣ್ಣಾ," ಎಂದ ಸೊಸೆ ತಂಬಿಗೆಯನ್ನೆತ್ತಿ ಅಷ್ಟೂ ನೀರನ್ನು ಅತ್ತೆಯ ತುರುಬಿನ ಮೇಲೆ ಸುರಿದಳು.