ಬದಲಿ ಜಗಳಗಾರ್ತಿ

ನೆಮ್ಮದಿ ಇಲಾಖೆಯ ಮೂರನೇ ಕಿಟಕಿಯಲ್ಲಿ ನೀಲವ್ವ ಅರ್ಜಿ ಒಳಗೆ ತಳ್ಳಿದಳು. ಓಣಿಯ ನಲ್ಲಿಯ ಹತ್ತಿರ ದಿನಾ ಅವಳೊಡನೆ ಜಗಳವಾಡುತ್ತಿದ್ದ ಶಿವಗಂಗವ್ವ ತೀರಿಕೊಂಡು ತಿಂಗಳಾಗಿತ್ತು. ಅಂದಿನಿಂದ, ನೆಮ್ಮದಿ ಅಳೆಯಲು ಇಲಾಖೆ ನೀಲವ್ವನ ಮಣಿಕಟ್ಟಿಗೆ ಕಟ್ಟಿದ್ದ ಕೈಪಟ್ಟಿಯಲ್ಲಿ ಅಂಕ ಇಳಿಯುತ್ತಲೇ ಇತ್ತು. ನಿಯಮದ ಪ್ರಕಾರ ಇಲಾಖೆ ಅವಳಿಗೆ ಬದಲಿ ನೆರೆಯವಳನ್ನು ಒದಗಿಸಬೇಕಿತ್ತು.

“ಪದ್ಮಾವತಿಬಾಯಿ ಅಂತ ಒಬ್ರು ಅದಾರ. ರಿಟೈರ್ಡ್ ಟೀಚರು. ಭಾಳ ಸಮಾಧಾನದ ಮಂದಿ,” ಎಂದ ಗುಮಾಸ್ತ ಫಕೀರೇಶ.

“ನಾ ನನ್ನ ಕೊಡ ಮುಂದಿಟ್ರ ಏನಂತಾರ?”

“ನೀವ ಮೊದಲ ತುಂಬ್ಕೊಳ್ರಿ ಅಂತಾರ.”

“ಹಂಗಾದ್ರ ಬ್ಯಾಡ.”

“ಶಿವಗಂಗವ್ವನಂಥಾಕಿ ಇನ್ನೊಬ್ಬಾಕಿ ಸಿಗಂಗಿಲ್ರೀ.”

“ಗೊತ್ತೈತಿ,” ಎಂದಳು ನೀಲವ್ವ. “ತಿಂಗಳಾತು, ದಿನಾ ನಂದ ಮೊದಲನೇ ಪಾಳಿ. ಆದ್ರೂ ಆಕಿ ಕೊಡದ ಜಾಗಾ ಬಿಟ್ಟು ಹಿಂದ ಇಡ್ತೀನಿ.”

ಫಕೀರೇಶ ‘ಲಭ್ಯವಿಲ್ಲ’ ಎಂಬ ಮುದ್ರೆಯನ್ನು ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

“ನಿಮ್ಮ ಓಣ್ಯಾಗ ನೀರು ಎಷ್ಟಕ್ಕ ಬರ್ತಾವ್ರೀ?”

“ಆರಕ್ಕ.”

ಮರುದಿನ ಬೆಳಿಗ್ಗೆ ಆರಕ್ಕೆ ನಲ್ಲಿಯ ಕೆಳಗೆ ಆಗಲೇ ಒಂದು ಕೊಡವಿತ್ತು. ಅದರ ಪಕ್ಕದಲ್ಲಿ ಫಕೀರೇಶ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ನೀಲವ್ವ ಆ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.